ಮುಲಾಮು ಹಚ್ಚದೆ ಹೋದದ್ದು

ನಮ್ಮ ಬೀದಿಯ ಗಿನ್ಕಾ ಅತ್ತೆ ಬನಿತ್ಸಾ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಎಳೆದು, ಬಿಳಿ ಚೀಸು ಉದುರಿಸಿ, ಸುರುಳಿ ಸುತ್ತಿ ಒಲೆಗೆ ಇಡುವುದು ಅವರ ಕೆಲಸ.

ಅವರ ಸೊಂಟದ ಸುತ್ತ, ತೊಡೆಯ ಮೇಲೆ ಕೆಂಪು ಕಲೆಗಳು ಎದ್ದು ಎಷ್ಟೋ ವರ್ಷಗಳಾಗಿದ್ದವು. ಹೊಟ್ಟು ಏಳುತ್ತಿತ್ತು, ತುರಿಸುತ್ತಿತ್ತು. ಊರಿನ ಡಾಕ್ಟರು ಇಸುಬು ಎಂದು ಮುಲಾಮು ಬರೆದುಕೊಟ್ಟಿದ್ದರು. ಹಚ್ಚಿದರೆ ಮಾಯ, ಬಿಟ್ಟರೆ ಮತ್ತೆ ಹಾಜರು.

ಕೊನೆಗೆ ಪ್ಲೊವ್ದಿವ್ ನಗರದ ಚರ್ಮದ ಡಾಕ್ಟರ್ ವೆಲೆವಾ ಅವರಿಗೆ ಬೇರೆಯೇ ಅನುಮಾನ ಬಂತು. ಚರ್ಮದ ಲಿಂಫೋಮಾ, ಅಂದರೆ ರಕ್ತದ ಬಿಳಿಕಣಗಳು ಚರ್ಮದಲ್ಲಿ ಬೀಡುಬಿಟ್ಟು ಬೆಳೆಯುವ ಕ್ಯಾನ್ಸರು. ಅವರು ಕಲೆಯಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಏನೂ ಸ್ಪಷ್ಟವಾಗಲಿಲ್ಲ. ಮತ್ತೊಮ್ಮೆ ತೆಗೆದರು, ಆಗಲೂ ಅಷ್ಟೇ. ಹೌದೋ ಅಲ್ಲವೋ ತಿಳಿಯದೆ ಸರಿಯಾದ ಚಿಕಿತ್ಸೆ ಶುರುಮಾಡುವಂತಿರಲಿಲ್ಲ. ಗಿನ್ಕಾ ಅತ್ತೆಗೆ ಊಟ ಸೇರದಾಯಿತು.

ನಮ್ಮಲ್ಲಿ ಡಾಕ್ಟರ ಬಳಿ ಹೋಗುವುದೆಂದರೆ ನೆಂಟರ ಮನೆಗೆ ಹೋದ ಹಾಗೆ. ಮಿಂದು, ಒಳಗೂ ಹೊರಗೂ ಹೊಸಬಟ್ಟೆ ತೊಟ್ಟು ಹೋಗುತ್ತಾರೆ. ಗಿನ್ಕಾ ಅತ್ತೆ ಅಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. ಅದು ಮುಂದಿನ ಭೇಟಿಯಲ್ಲಿ ಹೊರಬಿತ್ತು. ಕಲೆಗಳು ಯಾಕೆ ಇಷ್ಟು ತಿಳಿಯಾಗಿವೆ ಎಂದು ಡಾಕ್ಟರು ಕೇಳಿದಾಗ ಅವರು ಹೆಮ್ಮೆಯಿಂದಲೇ ಹೇಳಿದರು.

"ಬರೋಕೆ ಮುಂಚೆ ವಾರವಿಡೀ ಎರಡೂ ಹೊತ್ತು ಮುಲಾಮು ಹಚ್ಕೊಂಡಿದೀನಿ ಡಾಕ್ಟ್ರೆ. ಆ ಗಲೀಜನ್ನ ನಿಮ್ಮ ಮುಂದೆ ಬಿಚ್ಚಿ ತೋರಿಸೋಕಾಗುತ್ತಾ?"

ವೆಲೆವಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ ಗಿನ್ಕಾ, ಕಸ ನೋಡೋಕೆ ಅಂತ ಕೂತಿರೋಳು ನಾನು. ನೀವು ಪ್ರತಿ ಸಲ ಗುಡಿಸಿ ಸಾರಿಸಿ ಕರೀತೀರ. ನಾನೇನು ಹುಡುಕ್ಲಿ?"

ಮೊದಲೇ ಕೇಳದಿದ್ದದ್ದು ತಮ್ಮ ತಪ್ಪೂ ಹೌದೆಂದರು. ಆ ಮುಲಾಮು ಕಲೆಯೊಳಗಿನ ಕಣಗಳನ್ನು ಅಡಗಿಸಿಬಿಡುತ್ತದೆ, ಆಗ ಚೂರಿನಲ್ಲಿ ಗುರುತು ಸಿಗುವುದಿಲ್ಲ ಎಂದು ವಿವರಿಸಿದರು. ಒಂದು ತಿಂಗಳು ಅದನ್ನು ಮುಟ್ಟಲೇಬಾರದು.

ಒಲೆಯ ಕಾವಿಗೆ ತುರಿಕೆ ಹೆಚ್ಚಿ ಆ ತಿಂಗಳು ಬಲು ಕಷ್ಟವಾಯಿತು. ಗಂಡ ಮಿಂಚೊ ಮುಲಾಮು ಹೆಂಡತಿಯ ಕೈಗೆ ಸಿಗದಿರಲೆಂದು ಅದನ್ನು ತಮ್ಮ ಕೋಟಿನ ಜೇಬಿನಲ್ಲಿಟ್ಟುಕೊಂಡೇ ತಿರುಗಿದರು. ಈ ಸಲ ತೆಗೆದ ಚೂರುಗಳಲ್ಲಿ ರೋಗ ಸಿಕ್ಕಿತು. ಲಿಂಫೋಮಾವೇ. ಆದರೆ ಅದು ಚರ್ಮ ದಾಟಿರಲಿಲ್ಲ. ನಿಧಾನವಾಗಿ ಬೆಳೆಯುವ ಜಾತಿ, ಹದ್ದುಬಸ್ತಿನಲ್ಲಿಡಬಹುದು ಎಂದರು ಡಾಕ್ಟರು. ಹೆಸರು ತಿಳಿದ ದಿನ ಗಿನ್ಕಾ ಅತ್ತೆ ಅತ್ತರು, ಆಮೇಲೆ ಹೊಟ್ಟೆ ತುಂಬ ಉಂಡರು.

ಚಿಕಿತ್ಸೆಯೆಂದರೆ ಬೆಳಕು. ವಾರದಲ್ಲಿ ಕೆಲವು ದಿನ ಬಸ್ಸು ಹತ್ತಿ ಹೋಗಿ, ಕಪ್ಪು ಕನ್ನಡಕ ಹಾಕಿಕೊಂಡು, ದೀಪಗಳು ತುಂಬಿದ ಬೀರುವಿನಂಥ ಪೆಟ್ಟಿಗೆಯೊಳಗೆ ನಿಲ್ಲಬೇಕು. ಬನಿತ್ಸಾ ಬೇಯಿಸುವವಳನ್ನೇ ಈಗ ಒಲೆಯಲ್ಲಿಟ್ಟು ಬೇಯಿಸುತ್ತಿದ್ದಾರೆ ಎಂದು ಮಿಂಚೊ ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದರು.

"ನೀನೂ ಬಂದು ನಿಂತ್ಕೊ," ಅಂದರು ಗಿನ್ಕಾ ಅತ್ತೆ. "ಆ ಬಿಳಿ ಹೊಟ್ಟೆಗೆ ಒಂದಿಷ್ಟು ಬಣ್ಣನಾದ್ರೂ ಬರ್ಲಿ."

ಚೆರ್ರಿ ಹೂಬಿಡುವ ಹೊತ್ತಿಗೆ ಕಲೆಗಳು ಬಹಳಷ್ಟು ಮಾಸಿದ್ದವು. ಮರುಪರೀಕ್ಷೆಯ ದಿನ ಅವರು ಎಂದಿನಂತೆ ಮಿಂದು, ಹೊಸಬಟ್ಟೆ ತೊಟ್ಟರು. ಚರ್ಮಕ್ಕೆ ಮಾತ್ರ ಏನೂ ಹಚ್ಚಲಿಲ್ಲ. ವೆಲೆವಾ ಕೇಳುವ ಮುಂಚೆಯೇ ಲಂಗವನ್ನು ಮೇಲೆತ್ತಿ ಎಡತೊಡೆ ತೋರಿಸಿದರು.

"ಇಲ್ಲೊಂದು ಉಳ್ಕೊಂಡಿದೆ ಡಾಕ್ಟ್ರೆ. ಇದನ್ನ ಮೊದ್ಲು ನೋಡಿ."