ದೇವರ ಕೋಣೆಗೆ ಹೋದ ಎರಡು ಅಡಿ

ಹೂಡಿಯಾಚೆಗಿನ ಆ ಕಟ್ಟಡವನ್ನು ಜನ ಬಸ್ಸಿನಿಂದ ಕತ್ತು ಹೊರಗೆ ಹಾಕಿ ನೋಡುತ್ತಿದ್ದ ಕಾಲವೊಂದಿತ್ತು. ನನಗೆ ಅಂಥ ಬೆರಗೇನೂ ಇರಲಿಲ್ಲ, ಅದರ ಒಳಗಿನ ಹೂರಣವೆಲ್ಲ ಗೊತ್ತಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದಾಗ, ಅದರ ನಕ್ಷೆ ತಯಾರಿಸಿದ ಆಫೀಸಿನಲ್ಲಿ ನಾನು ಕಂಪ್ಯೂಟರಿನ ಮೇಲೆ ಗೆರೆ ಎಳೆಯುವ ಕೆಲಸಕ್ಕಿದ್ದೆ. ರಾಗಿ ಹೊಲ, ಅದರ ಪಕ್ಕ ನೀಲಗಿರಿ ತೋಪು, ಇಷ್ಟೇ ಇದ್ದ ಜಾಗ. ಅಲ್ಲಿ ಇಟಲಿಯ ವೈಭವ ಎಬ್ಬಿಸುತ್ತೇವೆಂದು ಹೊಳಪು ಕಾಗದದಲ್ಲಿ ಅಚ್ಚು ಹಾಕಿಸಿದರು. ಇಟಲಿ ಎಂದರೆ ಗೇಟಿನ ಬಳಿ ನಿಂತ ಎಂಟು ದಪ್ಪ ಕಂಬಗಳು. ಅವುಗಳ ಮೇಲೆ ಸೂರೂ ಇಲ್ಲ, ತೊಲೆಯೂ ಇಲ್ಲ, ಸುಮ್ಮನೆ ಪಾರಿವಾಳ ಕೂರುತ್ತಿದ್ದವು. ಹನ್ನೆರಡನೆಯ ಮಹಡಿಯ ಮೇಲೆ ನೇರವಾಗಿ ಹದಿನಾಲ್ಕನೆಯದು. ಹದಿಮೂರು ಅಪಶಕುನವಂತೆ. ಯಾರದೋ ದೇಶದ ಪೀಡೆಗೆ ನಮ್ಮ ಎಂಜಿನಿಯರುಗಳು ಹೆದರಿದ್ದರು.

ನಕ್ಷೆ ಹೆಚ್ಚುಕಡಿಮೆ ಮುಗಿದ ಮೇಲೆ ಬಿಲ್ಡರ್ ಕಡೆಯ ಸೇಲ್ಸ್ ಮ್ಯಾನೇಜರ್ ಓಡಿ ಬಂದ. "ಸಾರ್, ದೇವ್ರ ಕೋಣೆ ಇಲ್ದೆ ಒಂದು ಫ್ಲಾಟೂ ಹೋಗಲ್ಲ!" ಜಾಗ ಎಲ್ಲಿಂದ ತರುವುದು? ಹಜಾರದ ಗೋಡೆಯಾಚೆ ಇದ್ದದ್ದು ದೊಡ್ಡ ಲಿಫ್ಟಿನ ಗುಂಡಿ. ಮೂರು ಲಿಫ್ಟುಗಳಲ್ಲಿ ರೋಗಿಯನ್ನು ಮಲಗಿಸಿಕೊಂಡು ಹೋಗುವಷ್ಟು ಉದ್ದ ಇದ್ದದ್ದು ಅದೊಂದೇ. ನಮ್ಮ ಸಾಹೇಬರು ನನ್ನ ಹಿಂದೆ ಬಂದು ನಿಂತರು.

"ಅದ್ರಲ್ಲಿ ಎರಡಡಿ ತೆಗ್ದು ಈ ಕಡೆ ಹಾಕ್ಬಿಡಮ್ಮ. ಮಂಜೂರಾತಿಗೆ ಕೊಡೋ ನಕ್ಷೆ ಹಾಗೇ ಇರ್ಲಿ, ಸೈಟಿಗೆ ಕಳ್ಸೋದ್ರಲ್ಲಿ ಮಾತ್ರ ಬದಲಾಯ್ಸು."

"ಸ್ಟ್ರೆಚರ್ ಹಿಡಿಯಲ್ಲ ಸಾರ್," ಎಂದೆ.

"ಇಲ್ಲಿಗೆ ಬರೋರೆಲ್ಲ ಮೂವತ್ತರ ಹುಡುಗ್ರು ಕಣಮ್ಮ. ಯಾರನ್ನ ಮಲಗಿಸ್ಕೊಂಡು ಹೋಗ್ತೀಯಾ?"

ಆಫೀಸಿಗೆ ಆಫೀಸೇ ನಕ್ಕಿತು. ನಾನೂ ಹಲ್ಲು ಕಿರಿದೆ, ಗೆರೆ ಸರಿಸಿದೆ, ಚಹಾ ಕುಡಿಯಲು ಹೋದೆ.

ಆ ದೇವರ ಕೋಣೆಯನ್ನು ನೀವು ನೋಡಬೇಕಿತ್ತು. ಎರಡೇ ಅಡಿ ಆಳ. ದೇವರು ಒಳಗೆ, ಭಕ್ತರು ಟಿವಿಯ ಮುಂದೆ. ಕೆಲವರು ಅದರಲ್ಲಿ ಚಪ್ಪಲಿ ಜೋಡಿಸಿದರು, ಕೆಲವರು ನೀರಿನ ಕ್ಯಾನು ಇಟ್ಟರು. ಇಷ್ಟೆಲ್ಲ ಗೊತ್ತಿದ್ದೂ ನಾನು ಅಲ್ಲೇ ಹದಿನಾಲ್ಕನೆಯ ಮಹಡಿಯಲ್ಲೊಂದು ಫ್ಲಾಟು ಕೊಂಡೆ. ಆಫೀಸಿನವಳೆಂದು ಸ್ವಲ್ಪ ರಿಯಾಯಿತಿ ಕೊಟ್ಟರು, ನಾನು ಬಾಯಿ ಮುಚ್ಚಿಕೊಂಡು ತೆಗೆದುಕೊಂಡೆ. ಅವರಷ್ಟೇ ಲಜ್ಜೆಗೆಟ್ಟವಳು ನಾನೂ.

ಅವ್ವ ಹಾವೇರಿ ಕಡೆಯಿಂದ ಬಂದು ನನ್ನ ಜೊತೆ ಇರತೊಡಗಿದಳು. ಬಂದ ದಿನವೇ ಆ ಗೂಡು ನೋಡಿ ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಂಡು ನಕ್ಕಳು. "ನನ್ನ ದೇವರು ನನ್ನ ಎದಿ ಮ್ಯಾಲ ಅದಾನ. ಅವಗ ಮತ್ತೊಂದು ಖೋಲಿ ಯಾಕಬೇ?" ಅದರಲ್ಲಿ ಕಸಬರಿಗೆ ಇಟ್ಟಳು. ಲಿಫ್ಟಿನ ವಿಷಯ ನಾನು ಅವಳಿಗೆ ಹೇಳಲಿಲ್ಲ.

ಎರಡು ವರ್ಷದ ನಂತರ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಳು. ಮೈಯೆಲ್ಲ ಬೆವರು. ಆಂಬುಲೆನ್ಸ್ ಬೇಗನೆ ಬಂತು, ಆದರೆ ಅದರ ಇಬ್ಬರು ಬರಿಗೈಯಲ್ಲಿ ಮೇಲೆ ಬಂದರು. ಸ್ಟ್ರೆಚರ್ ಯಾವ ಲಿಫ್ಟಿಗೂ ಹಿಡಿಯದೆ ಕೆಳಗೇ ಉಳಿದಿತ್ತು.

"ಯಾವ ಪುಣ್ಯಾತ್ಮ ಮಾಡ್ಸಿದ್ದು ಮೇಡಂ ಈ ಲಿಫ್ಟು? ಮೆಟ್ಲಲ್ಲಿ ಹೊತ್ಕೊಂಡು ಹೋದ್ರೆ ಲೇಟಾಗುತ್ತೆ. ಚೇರಲ್ಲಿ ಕೂರ್ಸಿ ಕಟ್ಬಿಡೋಣ," ಎಂದ ಒಬ್ಬ. 

ನಮ್ಮವರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ತಲೆ ವಾಲದಂತೆ ಬಟ್ಟೆ ಕಟ್ಟಿ, ಹೂವಿನ ವಿಮಾನದಲ್ಲಿ ಕೂತ ಭಂಗಿಯಲ್ಲೇ ಹೊತ್ತೊಯ್ದು ಮಣ್ಣು ಮಾಡುತ್ತೇವೆ. ನನ್ನ ಅಪ್ಪನನ್ನು ಹಾಗೆ ಕಟ್ಟಿ ಕೂರಿಸಿದ್ದು ಅವ್ವನ ಕಣ್ಣೆದುರಿಗೇ. ಡೈನಿಂಗ್ ಟೇಬಲ್ಲಿನ ಕುರ್ಚಿ ಹತ್ತಿರ ತಂದ ಕೂಡಲೇ ಅವಳಿಗೆ ಎಲ್ಲ ಅರ್ಥವಾಯಿತು.

"ಬ್ಯಾಡಬೇ. ಇನ್ನೂ ಉಸಿರೈತಿ ನನಗ. ಕುಂಡ್ರಿಸಿ ಒಯ್ಯೂದು ಹೆಣಾನ. ಮಲಗಿಸಿಕೊಂಡು ಒಯ್ಯಿರಿ, ಇಲ್ಲಾಂದ್ರ ಇಲ್ಲೇ ಬಿಡ್ರಿ."

ಆ ಇಬ್ಬರೂ ನನ್ನ ಮುಖ ನೋಡಿದರು. ಹೊತ್ತು ಜಾರುತ್ತಿತ್ತು. ಅವ್ವನ ತುಟಿ ನೀಲಿಯಾಗುತ್ತಿತ್ತು. ನಾನೇ ಅವಳ ಕಂಕುಳಿಗೆ ಕೈ ಹಾಕಿ ಎತ್ತಿದೆ, ನಾನೇ ನನ್ನ ದುಪಟ್ಟಾದಿಂದ ಎದೆ ಬಳಸಿ ಕುರ್ಚಿಗೆ ಬಿಗಿದೆ. ತಲೆ ಪಕ್ಕಕ್ಕೆ ಬೀಳುತ್ತಿದ್ದುದರಿಂದ ಹಣೆಗೂ ಒಂದು ಬಟ್ಟೆ ಸುತ್ತಿ ಹಿಂದಕ್ಕೆ ಕಟ್ಟಿದೆ. ಅವಳ ಕೈ ನನ್ನ ಕೈಯನ್ನು ತಳ್ಳುತ್ತಲೇ ಇತ್ತು, ಆಮೇಲೆ ತಳ್ಳುವುದನ್ನು ನಿಲ್ಲಿಸಿತು. ಅಂಥ ಪಾಪದ ಕೆಲಸ ನಾನು ಜೀವನದಲ್ಲಿ ಇನ್ನೊಂದು ಮಾಡಿಲ್ಲ.

ಲಿಫ್ಟಿನ ಮೂರೂ ಗೋಡೆಗೆ ಕನ್ನಡಿ. ಮಾಲೀಕರ ಅಂತಸ್ತಿಗೆ ತಕ್ಕದ್ದು ಎಂದು ಹಾಕಿಸಿದ್ದ ಕನ್ನಡಿ! ಹದಿನಾಲ್ಕರಿಂದ ನೆಲದವರೆಗೂ ಅವ್ವ ಅದರಲ್ಲಿ ತನ್ನನ್ನೇ ನೋಡುತ್ತ ಕೂತಳು. ಒಂಬತ್ತರಲ್ಲಿ ಬಾಗಿಲು ತೆರೆಯಿತು. ಕೊರಳಿಗೆ ಕಂಪನಿಯ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಮಹಾನುಭಾವ ನಿಂತಿದ್ದ. "ಅಯ್ಯೋ, ಜಾಗ ಇಲ್ವಾ? ನನ್ಗೆ ಮೀಟಿಂಗ್ ಇತ್ತು," ಎಂದ. ಥೂ, ಇಂಥವರಿಗಾಗಿಯೇ ಕಟ್ಟಿದ ಕಟ್ಟಡ ಅದು.

ಅವ್ವ ಬದುಕಿದಳು. ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆಸ್ಪತ್ರೆಯಿಂದ ಬಿಟ್ಟ ದಿನ ಅವಳು ಕಟ್ಟಡದ ಗೇಟಿನೊಳಗೆ ಕಾಲಿಡಲು ಒಪ್ಪಲೇ ಇಲ್ಲ. ಹೂಡಿಯ ಹಳೆಯ ಊರಿನೊಳಗೆ, ಹಿಟ್ಟಿನ ಗಿರಣಿಯ ಹಿಂದೆ, ನೆಲಕ್ಕೇ ಇರುವ ಒಂದು ಬಾಡಿಗೆ ಕೋಣೆ ಹಿಡಿಸಿಕೊಂಡಳು. ನಾನು ದಿನಾ ಸಂಜೆ ಹೋಗಿ ಕೂರುತ್ತಿದ್ದೆ. ಒಂದು ದಿನ ತಡೆಯಲಾಗದೆ ಲಿಫ್ಟಿನ ಗೆರೆ ಸರಿಸಿದ್ದು ನಾನೇ ಎಂದು ಹೇಳಿಬಿಟ್ಟೆ. ಅವಳು ಸೊಪ್ಪು ಸೋಸುತ್ತಲೇ ಇದ್ದಳು, ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ತಪ್ಪಾತವ್ವಾ. ಮನೀಗೆ ಬಾ," ಎಂದೆ.

"ಅಲ್ಲಿಂದ ನನ್ನ ಹೆಣ ಒಮ್ಮೆ ಇಳಿದೈತಿ," ಎಂದಳು ಅವ್ವ. "ಕಟ್ಟಿ ಇಳಿಸಿದಾಕಿ ನೀನ. ಮತ್ತ್ಯಾಕ ಏರಸ್ತಿ?"