ಎರಡನೇ ಭಾಗವನ್ನು ನಂಬದ ರುದ್ರಮುನಿ
ದಾವಣಗೆರೆಯ ಅಕ್ಕಿ ವ್ಯಾಪಾರಿ ರುದ್ರಮುನಿ, ಹರಿಹರದ ಮಿಲ್ಲಿನವರು ಮೂಟೆಯ ಬಾಯಿ ಬಿಚ್ಚಿ ತೋರಿಸಿದ ಅಕ್ಕಿಯನ್ನು ಎಂದೂ ನಂಬಿದವರಲ್ಲ. ಚೂಪು ಕೊಳವೆಯನ್ನು ತಳಕ್ಕೆ ಚುಚ್ಚಿ, ಉದುರಿದ ಕಾಳು ನೋಡಿದ ಮೇಲೆಯೇ ಮಾತು. ಮಿರ್ಚಿ ಬಜ್ಜಿಯನ್ನೂ ಮುರಿದು ಒಳಗೆ ಇಣುಕಿಯೇ ಬಾಯಿಗಿಡುತ್ತಾರೆ. ಮಧ್ಯಾಹ್ನದ ಊಟವಾಗಿ ವಿಡಿಯೊ ಗೇಮ್ ಹಿಡಿದು ಕೂತರೂ ಅದೇ ಬುದ್ಧಿ. ಅನ್ಯಗ್ರಹದಲ್ಲಿ ಗುಂಡು ಹಾರಿಸುವ ಅವರ ಮೆಚ್ಚಿನ ಆಟದ ಎರಡನೇ ಭಾಗ ಬಂದಾಗ, ಮೊದಲ ಹಂತದ ಥಳಕು ಕಂಡು, "ಇದು ಮೂಟೆ ಬಾಯಾಗಿನ ಅಕ್ಕಿ, ತಳದಾಗ ಏನೈತೋ" ಎಂದು ಮೂಗು ಮುರಿದರು. ವೈರಿಗಳನ್ನು ಬಿಟ್ಟು ಗೋಡೆಗೆ ಗುಂಡು ಹೊಡೆದು, ಗುರುತು ಉಳಿಯುತ್ತದೋ ಎಂದು ನೋಡಿದರು. ಬಂದೂಕಿನ ಒದೆತ ಕೈಗೆ ಹಿತವಾಗಿತ್ತು, ಗಾಳಿಯಲ್ಲಿ ತೇಲುವ ಜಿಗಿತವಂತೂ ಹಬ್ಬ. ಅಷ್ಟು ಚೆನ್ನಾಗಿದ್ದದ್ದೇ ಅವರಿಗೆ ಗುಮಾನಿ. ಆರನೇ ಹಂತದಲ್ಲಿ ಕಳ್ಳ ಸಿಕ್ಕಿಬಿದ್ದ: ಮೊದಲನೇ ಭಾಗದ ಓಣಿಗೇ ಬೇರೆ ಬಣ್ಣ ಬಳಿದಿದ್ದರು, ಎದುರಿಗೇ ಹೋಗಿ ನಿಂತರೂ ವೈರಿಗಳು ಬೆಪ್ಪಾಗಿ ಗೋಡೆ ನೋಡುತ್ತಿದ್ದರು. "ಕಲಬೆರಕೆ! ನಾನು ಹೇಳಲಿಲ್ವಾ?" ಎಂದು ಗೆದ್ದವರಂತೆ ಹೆಂಡತಿ ಅನ್ನಪೂರ್ಣಳ ಕಡೆ ತಿರುಗಿದರು. ಆಕೆ ಪರದೆಯ ಮೇಲೆ ಗಂಡನ ಸಿಪಾಯಿಯ ಹಿಂದೆ ಕುಂಟುತ್ತ ಬರುತ್ತಿದ್ದ ತುಕ್ಕು ಹಿಡಿದ ರೋಬೊ ತೋರಿಸಿ, "ಅಲ್ರೀ, ಇದು ಮೊದಲನೇ ಭಾಗದಾಗ ನಿಮ್ಮನ್ನ ಉಳಿಸೋಕೆ ಹೋಗಿ ಸತ್ತಿತ್ತಲ್ಲ? ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ ನೀವು. ಈಗ ಹೆಂಗೆ ಬಂತು?" ಎಂದಳು. ಆಟದವರು ಅದಕ್ಕೊಂದು ಕಾರಣವನ್ನೂ ಕೊಟ್ಟಿರಲಿಲ್ಲ. ತಳ ನೋಡದೆ ಕಾಳು ಮುಟ್ಟದ ರುದ್ರಮುನಿ, ರೋಬೊಗೆ ಕೇಳಿಸೀತೇನೋ ಎಂಬಂತೆ ದನಿ ತಗ್ಗಿಸಿ, "ಬಂದೈತಲ್ಲ, ಸುಮ್ನಿರು. ಕೇಳಬ್ಯಾಡ" ಎಂದರು.