ಭಾವ ಕಳುಹಿಸಿದ ಕನ್ನಡಕ

ವೇಣೂರು ದಾಟಿದ ಮೇಲಿನ ತಿರುವಿನಲ್ಲಿ ರಸ್ತೆ ಎದ್ದು ನನ್ನ ಕಡೆಗೆ ವಾಲಿತು.

ಬೆಳಗ್ಗಿನ ಟ್ರಿಪ್. ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಹೋಗುವ ಸರ್ವಿಸ್ ಬಸ್ಸು, ಫುಟ್‌ಬೋರ್ಡಿನವರೆಗೂ ಕಾಲೇಜು ಮಕ್ಕಳು. ಬಲಗಡೆಯ ಕನ್ನಡಿ ನೋಡಲು ಕಣ್ಣು ಹೊರಳಿಸಿದೆ. ಅದರೊಳಗೆ ಎಲ್ಲ ಕಲಸಿಹೋಗಿತ್ತು. ಬ್ರೇಕ್ ಒತ್ತಿದೆ. ನನ್ನ ಕಿಟಕಿಯ ಕೆಳಗೇ ಒಂದು ಸ್ಕೂಟರ್ ನಿಂತಿತ್ತು. ಅದರ ಮೇಲಿದ್ದ ಹೆಂಗಸು ನನಗೆ ಬೈಯಲೂ ಆಗದೆ ಎದೆ ಹಿಡಿದುಕೊಂಡಿದ್ದಳು.

ಏನಾಯಿತೆಂದು ಕಂಡಕ್ಟರ್ ಕೇಳಿದ. ಪಿತ್ತ ಎಂದೆ. ನಮ್ಮಲ್ಲಿ ತಲೆ ತಿರುಗಿದರೆಲ್ಲ ಪಿತ್ತವೇ.

ಮರುದಿನವೂ ಹಾಗೇ ಆಯಿತು. ಬಸ್ಸಿನಿಂದ ಇಳಿಯುವಾಗ ಕೊನೆಯ ಮೆಟ್ಟಿಲು ಕಂಡಲ್ಲಿ ಇರಲಿಲ್ಲ, ಮುಗ್ಗರಿಸಿದೆ. ಸಂಜೆಯಾಗುವಾಗ ಕುತ್ತಿಗೆಯ ಹಿಂದೆ ನೋವು, ವಾಕರಿಕೆ. ಅದರ ಮರುದಿನ ನಾನೇ ಬಸ್ಸಿನ ಕೀ ಕೊಟ್ಟು ಮನೆಗೆ ಬಂದೆ. ನನ್ನ ಜೀವ ಹೋದರೆ ಹೋಗಲಿ, ಬೇರೆಯವರ ಮಕ್ಕಳನ್ನು ಕೂರಿಸಿಕೊಂಡು ಸಾಯುವ ಹಕ್ಕು ನನಗಿಲ್ಲ.

ನನಗೆ ನೆನಪಾದದ್ದು ಅಮ್ಮ. ಅವಳ ಕಣ್ಣು ಗ್ಲಾಕೋಮಾದಲ್ಲಿ ಹೋಯಿತು. ಮೊದಲು ಅಕ್ಕಪಕ್ಕದ್ದು ಕಾಣದೆ ಬಾಗಿಲ ದಾರಂದಕ್ಕೆ ಭುಜ ಬಡಿಸಿಕೊಳ್ಳುತ್ತಿದ್ದಳು. ಕೊನೆಗೆ ನಮ್ಮ ಮುಖ ಸವರಿ ಯಾರೆಂದು ತಿಳಿಯುತ್ತಿದ್ದಳು. ನನಗೂ ಅಕ್ಕಪಕ್ಕದ್ದೇ ಕಾಣುತ್ತಿರಲಿಲ್ಲ.

ನನಗೂ ಅದೇ ಬಂದಿದೆ.

ಈಗ ಆ ಕನ್ನಡಕದ ವಿಷಯ ಹೇಳಬೇಕು. ಅದು ಬಂದು ಒಂದು ವಾರ ಆಗಿತ್ತಷ್ಟೆ. ನನ್ನ ಹೆಂಡತಿ ಶಕುಂತಲಳ ಅಣ್ಣ ಸದಾನಂದ ಭಾವ ಶಾರ್ಜಾದಲ್ಲಿ ಕ್ರೇನ್ ಆಪರೇಟರ್. ನನ್ನ ಹಳೆಯ ಕನ್ನಡಕ ಗೀರು ಬಿದ್ದು ಮಂಜಾಗಿತ್ತು. ಗುರುವಾಯನಕೆರೆಯ ಕಣ್ಣಿನ ಕ್ಯಾಂಪಿನಲ್ಲಿ ಪವರ್ ನೋಡಿಸಿಕೊಂಡ ಸುದ್ದಿ ತಿಳಿದು, ಊರಿನ ಗ್ಲಾಸು ಬೇಡವೇ ಬೇಡ, ಚೀಟಿಯ ಫೋಟೋ ನನಗೆ ವಾಟ್ಸಾಪ್ ಮಾಡಿ ಎಂದರು ಭಾವ. ರಜೆಯಲ್ಲಿ ಬಂದವರೊಬ್ಬರ ಕೈಯಲ್ಲಿ ಕನ್ನಡಕ ಬಂತು. ಪ್ರೋಗ್ರೆಸಿವ್ ಲೆನ್ಸ್, ಬ್ಲೂ ಕಟ್ ಕೋಟಿಂಗ್, ಬಿಸಿಲಿಗೆ ಕಪ್ಪಾಗುವುದು. ಇರುವ ಗುಣವೆಲ್ಲ ಅದರಲ್ಲಿತ್ತು. ದೊಡ್ಡ ಫ್ರೇಮ್. ಶಕುಂತಲ ಅದನ್ನು ದೇವರ ಫೋಟೋದ ಎದುರು ಇಟ್ಟು, ಕೈಮುಗಿಸಿ, ಆಮೇಲೆ ನನ್ನ ಮೂಗಿಗೆ ಏರಿಸಿದಳು.

ಗಲ್ಫಿನಿಂದ ಬಂದ ಸಾಬೂನು, ಟಾರ್ಚು, ಕಂಬಳಿ ಯಾವುದನ್ನೂ ನಮ್ಮ ಊರಿನಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ. ಮೊದಮೊದಲು ಹಾಗೇ, ಅಭ್ಯಾಸ ಆಗ್ತದೆ ಎಂದರು ಎಲ್ಲರೂ. ಅಭ್ಯಾಸ ಆಗದಿದ್ದಾಗ ಸಂಶಯ ನನ್ನ ಕಣ್ಣಿನ ಮೇಲೆ ಬಂತು. ಕಣ್ಣಿನಿಂದ ಕಿವಿಗೆ, ಕಿವಿಯಿಂದ ಮಿದುಳಿಗೆ ಹೋಯಿತು. ಗ್ಲಾಸಿನ ಮೇಲೆ ಸಂಶಯ ಪಡಲು ಮಾತ್ರ ಯಾರಿಗೂ ಮನಸ್ಸು ಬರಲಿಲ್ಲ. ನನಗೂ ಬರಲಿಲ್ಲ.

ಬೆಳ್ತಂಗಡಿಯ ಡಾಕ್ಟರು ಬಿ.ಪಿ. ನೋಡಿ ವರ್ಟಿಗೋ ಮಾತ್ರೆ ಕೊಟ್ಟರು. ನಿದ್ದೆ ಬಂತು, ತಲೆ ತಿರುಗುವುದು ನಿಲ್ಲಲಿಲ್ಲ. ಬಂಟ್ವಾಳದ ಇ.ಎನ್.ಟಿ. ಡಾಕ್ಟರು ಕಿವಿ ನೋಡಿದರು. ಮಂಗಳೂರಿನಲ್ಲಿ ಎಂ.ಆರ್.ಐ. ಆಯಿತು. ಆ ಕೊಳವೆಯೊಳಗೆ ಟಕಟಕ ಸದ್ದಿನಲ್ಲಿ ಮಲಗಿ, ಗಡ್ಡೆಯಾದರೂ ಇರಲಪ್ಪಾ, ಕೊಯ್ದು ತೆಗೆಯಬಹುದು, ಕಣ್ಣು ಮಾತ್ರ ಬೇಡ ಎಂದು ಬೇಡಿಕೊಂಡೆ. ಎಂಥ ಹುಚ್ಚು ಪ್ರಾರ್ಥನೆ! ರಿಪೋರ್ಟ್ ನಾರ್ಮಲ್. ಸಂತೋಷ ಆಗಬೇಕಿತ್ತು, ಸಿಟ್ಟು ಬಂತು. ಎಲ್ಲ ನಾರ್ಮಲ್ ಆದರೆ ನಾನೇನು ನಾಟಕ ಮಾಡುತ್ತಿದ್ದೇನೆಯೇ?

ಮನೆಯಲ್ಲಿ ಕೂತರೆ ನನ್ನ ಬಸ್ಸಿನ ಹಾರ್ನ್ ಕೇಳುತ್ತಿತ್ತು, ಬೇರೆಯವನ ಕೈಯಲ್ಲಿ. ಒಂದು ದಿನ ಗಂಜಿಯ ಬಟ್ಟಲು ತಳ್ಳಿಬಿಟ್ಟೆ. ಶಕುಂತಲ ನೆಲ ಒರೆಸಿ, ಬೇರೆ ಬಟ್ಟಲು ತಂದಿಟ್ಟಳು. ಅವಳಿಗೆ ಗೊತ್ತಾಗದ ಹಾಗೆ ನಾನೊಂದು ಕೆಲಸ ಸುರು ಮಾಡಿದ್ದೆ. ಕಣ್ಣು ಮುಚ್ಚಿಕೊಂಡು ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಅಡುಗೆಮನೆಗೆ ನಡೆಯುವುದು. ಹೇಗೂ ಕಲಿಯಲೇಬೇಕಲ್ಲ, ಕಾಣುವಾಗಲೇ ಕಲಿಯುವ ಎಂದು.

ಅಡುಗೆಮನೆಯ ಬಾಗಿಲಲ್ಲಿ ಕೈ ಮುಂದೆ ಚಾಚಿದೆ. ಬೆರಳಿಗೆ ಒದ್ದೆ ಕೆನ್ನೆ ತಾಗಿತು.

ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ಅತ್ತೆಯ ಹಾಗೆ ಮಾಡಬೇಡಿ," ಎಂದಳು. "ನಾಳೆ ಮೂಡುಬಿದಿರೆಯ ಕಣ್ಣಿನ ಡಾಕ್ಟರಲ್ಲಿಗೆ ಹೋಗುವ. ಏನಿದ್ದರೂ ಇಬ್ಬರೂ ಒಟ್ಟಿಗೆ ಕೇಳುವ."

ನಾನು ಇಷ್ಟು ದಿನ ತಪ್ಪಿಸಿಕೊಂಡದ್ದು ಅದೊಂದೇ ಬಾಗಿಲಿನಿಂದ. ಹೋದೆವು. ಕಣ್ಣಿಗೆ ಔಷಧಿ ಬಿಟ್ಟು ಪ್ರೆಶರ್ ನೋಡಿದರು. ಕತ್ತಲ ಕೋಣೆಯಲ್ಲಿ ಸಣ್ಣ ಸಣ್ಣ ಬೆಳಕು ತೋರಿಸಿ, ಕಂಡಾಗ ಬಟನ್ ಒತ್ತಲು ಹೇಳಿದರು. ಒತ್ತಿ ಒತ್ತಿ ಅಂಗೈ ಬೆವರಿತು.

"ಪ್ರೆಶರ್ ಬಾರ್ಡರ್‌ನಲ್ಲಿ ಉಂಟು. ಅಮ್ಮನಿಗೆ ಇದ್ದದ್ದರಿಂದ ಆರು ತಿಂಗಳಿಗೊಮ್ಮೆ ಬರಲೇಬೇಕು," ಎಂದರು ಡಾಕ್ಟರು. "ಆದರೆ ಈಗ ಕಣ್ಣಿನ ನರಕ್ಕೆ ಏನೂ ಆಗಲಿಲ್ಲ. ನಿಮ್ಮ ತಲೆ ತಿರುಗುವುದು ಇದರಿಂದ ಅಲ್ಲ."

ಹಾಗಾದರೆ ಯಾವುದರಿಂದ ಎಂದು ಕೇಳುವಾಗ ನನ್ನ ಧ್ವನಿ ಏರಿತು. ಪಕ್ಕದಲ್ಲಿದ್ದ, ಪವರ್ ನೋಡುವ ಆಪ್ಟೋಮೆಟ್ರಿಸ್ಟ್ ಹುಡುಗಿ, ನೀವು ಹಾಕುವ ಕನ್ನಡಕ ಎಲ್ಲಿ ಎಂದಳು.

ಅದು ಕಿಸೆಯಲ್ಲಿತ್ತು. ಪ್ರತಿಯೊಬ್ಬ ಡಾಕ್ಟರ ಕೋಣೆಯಲ್ಲೂ ನಾನು ಅದನ್ನು ಮರ್ಯಾದೆಯಿಂದ ತೆಗೆದು, ಒರೆಸಿ, ಡಬ್ಬಿಯಲ್ಲಿಟ್ಟು ಕೂರುತ್ತಿದ್ದೆ. ಬೆಲೆಬಾಳುವ ವಸ್ತು, ಅಲ್ಲವೇ! ನನ್ನನ್ನು ನೋಡಿದವರು ಯಾರೂ ಅದನ್ನು ನೋಡಿರಲಿಲ್ಲ.

ಅವಳು ಲೆನ್ಸಿನ ಮೇಲಿನ ಕಂಡೂ ಕಾಣದ ಗುರುತು ಹುಡುಕಿ, ಪೆನ್ನಿನಿಂದ ಒಂದೊಂದು ಚುಕ್ಕೆ ಇಟ್ಟು, ನನಗೆ ಹಾಕಿಸಿದಳು. ಚುಕ್ಕೆ ಕಣ್ಣಿನ ಗೊಂಬೆಯ ಮೇಲೆ ಬರಬೇಕು ಎಂದಳು. ಶಕುಂತಲ ಬಗ್ಗಿ ನೋಡಿ ಬಾಯಿಗೆ ಸೆರಗು ಹಿಡಿದಳು. ಎರಡೂ ಚುಕ್ಕೆ ಗೊಂಬೆಯಿಂದ ಹೊರಗೆ, ಕೆಳಗೆ ಇದ್ದವು. ಚೀಟಿಯಲ್ಲಿ ಪವರ್ ಮಾತ್ರ ಇರುತ್ತದೆ, ಕಣ್ಣು ಮುಖದಲ್ಲಿ ಎಲ್ಲಿ ಕೂತಿದೆ ಎಂಬುದು ಇರುವುದಿಲ್ಲ. ಪ್ರೋಗ್ರೆಸಿವ್‌ನಲ್ಲಿ ಮೇಲೆ ದೂರದ್ದು, ಕೆಳಗೆ ಓದುವುದು, ಎರಡೂ ಬದಿ ಸ್ವಲ್ಪ ಮಂಜು. ಎದುರು ಕೂರಿಸಿ ಅಳೆಯದೆ ಮಾಡಿದರೆ ಮಂಜೇ ನಡುವಿಗೆ ಬರುತ್ತದೆಯಂತೆ. ಕ್ಷಣಕ್ಷಣ ಕನ್ನಡಿ ನೋಡುವ ಡ್ರೈವರಿಗೆ ದೂರಕ್ಕೊಂದೇ ಪವರಿನ ಲೆನ್ಸ್ ಸಾಕು, ಎದುರಿನ ಗಾಡಿಯ ಲೈಟು ಚದುರದಂತೆ ಆಂಟಿ ರಿಫ್ಲೆಕ್ಷನ್ ಕೋಟಿಂಗ್ ಬೇಕು, ಓದಲಿಕ್ಕೆ ಬೇರೆ ಇಟ್ಟುಕೊಳ್ಳಿ ಎಂದಳು. ಕಪ್ಪಾಗುವ ಲೆನ್ಸ್ ಬಸ್ಸಿನೊಳಗೆ ಹೆಚ್ಚು ಕಪ್ಪಾಗುವುದೂ ಇಲ್ಲವಂತೆ. ಅದನ್ನು ಕಪ್ಪಾಗಿಸುವ ಬಿಸಿಲಿನ ಕಿರಣವನ್ನು ಬಸ್ಸಿನ ಎದುರಿನ ಗಾಜೇ ತಡೆಯುತ್ತದೆಯಂತೆ.

ಸತ್ತು ಹುಟ್ಟಿದ ಹಾಗಾಯಿತು. ಹೊರಗೆ ಬಂದು ಮೆಟ್ಟಿಲಲ್ಲೇ ಕೂತು ಅತ್ತೆ. ಜನ ನೋಡಿದರೆ ನೋಡಲಿ.

ಹೊಸ ಕನ್ನಡಕದಲ್ಲಿ ರಸ್ತೆ ರಸ್ತೆಯಂತೆ ಮಲಗಿತು. ಬಸ್ಸು ಮತ್ತೆ ಸಿಕ್ಕಿತು. ಆರು ತಿಂಗಳಿಗೊಮ್ಮೆಯ ಆ ಪರೀಕ್ಷೆಯ ಭಯ ಮಾತ್ರ ನನ್ನ ಜೊತೆಯೇ ಉಂಟು, ಅದಕ್ಕೆ ಯಾವ ಕೋಟಿಂಗೂ ಇಲ್ಲ.

ಕಳೆದ ವಾರ ಭಾವ ರಜೆಯಲ್ಲಿ ಬಂದರು. ಅಣ್ಣನಿಗೆ ಬೇಸರ ಆಗದಿರಲೆಂದು ಶಕುಂತಲ ಅವರು ಕಳುಹಿಸಿದ್ದ ಕನ್ನಡಕದ ಡಬ್ಬಿ ತಂದು ನನ್ನ ಕೈಗಿಟ್ಟಳು. ಹಾಕಿಕೊಂಡು, ಕುತ್ತಿಗೆ ಅಲ್ಲಾಡಿಸದೆ ಜಗಲಿಯಲ್ಲಿ ಕೂತೆ. ಭಾವ ಮೆಟ್ಟಿಲು ಹತ್ತಿದರು. ಕೊನೆಯ ಮೆಟ್ಟಿಲನ್ನು ಕಾಲಿನಿಂದ ತಡವಿ, ಕಂಬ ಹಿಡಿದರು. ಅವರ ಮೂಗಿನ ಮೇಲೂ ಅದೇ ದೊಡ್ಡ ಫ್ರೇಮ್.

ಶಕುಂತಲ ಚಹಾ ತರಲು ಒಳಗೆ ಹೋದ ಮೇಲೆ ಅವರು ದನಿ ತಗ್ಗಿಸಿದರು. "ಭಾವ, ಒಟ್ಟಿಗೇ ಎರಡು ಮಾಡಿಸಿದ್ದು. ನಿಮಗೆ ಇದರಲ್ಲಿ ತಲೆ ತಿರುಗುವುದಿಲ್ವಾ?"

ನಾನು ಉತ್ತರ ಕೊಡುವ ಮೊದಲೇ ಮುಂದುವರಿಸಿದರು. "ಮೇಲೆ ಕ್ಯಾಬಿನ್‌ನಲ್ಲಿ ಕೂತರೆ ಕೆಳಗಿನವರು ಓರೆಯಾಗಿ ಕಾಣ್ತಾರೆ. ಮಾತ್ರೆ ತಿಂದು ಹತ್ತುತ್ತೇನೆ. ಹೇಳಿದರೆ ಊರಿಗೆ ಕಳಿಸ್ತಾರೆ. ಅಂಗಡಿಯವ ನನ್ನದನ್ನೂ ಹಳೆಯ ಚೀಟಿಯ ಫೋಟೋ ನೋಡಿಯೇ ಮಾಡಿದ್ದು, ಎದುರು ಕೂರಿಸಿ ಅಳೆಯಲಿಲ್ಲ."

ನನ್ನ ಬಸ್ಸಾದರೂ ನೆಲದ ಮೇಲೆ ಓಡುತ್ತದೆ.

ನನ್ನ ಕನ್ನಡಕ ತೆಗೆದೆ. ಎದ್ದು ಹೋಗಿ ಅವರದ್ದನ್ನೂ ತೆಗೆದು ಎರಡನ್ನೂ ಡಬ್ಬಿಗೆ ಹಾಕಿದೆ. ಭಾವ ಬರಿಗಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದರು.

"ನಾಳೆ ಮೂಡುಬಿದಿರೆಗೆ ಹೋಗುವ ಭಾವ," ಎಂದೆ. "ಬೆಳಗ್ಗಿನ ಬಸ್ಸಿಗೆ. ನಾನೇ ಓಡಿಸುವುದು."